ರೋಗಿಯ ಮನೆಗೆ ಹೋಗುವ ಕಲಾವಿದನಿಗೆ ತರಬೇತಿ ಬೇಡವೇ?

ಕಾಸರಗೋಡು: ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನದ ಎಳೆಯ ಕಲಾವಿದರಿಗೆ ಐದಾರು ತಿಂಗಳು ಕೆಲಸವಿಲ್ಲ. ಕೆಲವರು ತೋಟದ ಕೂಲಿಗೆ ಹೋಗುತ್ತಾರೆ, ಕೆಲವರು ಮಂಗಳೂರಿನ ಹೋಟೆಲು, ಅಂಗಡಿ ಸೇರುತ್ತಾರೆ. ಉಳಿದವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಹೊತ್ತು ಮನೆಮನೆಗೆ ಹೊರಡುತ್ತಾರೆ. ಭಾಗವತ, ಚೆಂಡೆ-ಮದ್ದಳೆಯವರು, ಒಂದು ಸ್ತ್ರೀವೇಷ, ಒಂದು ಪುರುಷವೇಷ. ಚಾವಡಿಯ ದೀಪದ ಮುಂದೆ ಹತ್ತು ಹದಿನೈದು ನಿಮಿಷದ ಆಟ. ಮನೆಯವರು ಅಕ್ಕಿ, ತೆಂಗಿನಕಾಯಿ, ಕೈಲಾದಷ್ಟು ಹಣ ಕೊಟ್ಟು ಕೈ ಮುಗಿಯುತ್ತಾರೆ. ಗೆಜ್ಜೆ ಸದ್ದಿಗೆ ಮನೆಯ ಪೀಡೆ ಹೋಗುತ್ತದೆ ಅನ್ನುವುದು ನಂಬಿಕೆ. ಆಟಿ ತಿಂಗಳಲ್ಲಿ ಊರ ಮಾರಿ ಕಳೆಯಲು ಬರುವ ಕಳೆಂಜನೂ ಇದೇ ಸಾಲಿನವನು. ಕಲೆಗೂ ಆರೋಗ್ಯಕ್ಕೂ ನಂಟು ಉಂಟು ಎಂದು ತುಳುನಾಡಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಅದೇ ಮನೆಗಳಿಗೆ ಹೋಗುವ ಇನ್ನೊಂದು ತಂಡವೂ ಉಂಟು. ಪಂಚಾಯತಿನ ಪಾಲಿಯೇಟಿವ್ ನರ್ಸ್, ಜತೆಗೆ ಆಶಾ ಕಾರ್ಯಕರ್ತೆ. ಹಾಸಿಗೆ ಹಿಡಿದವರ ಹುಣ್ಣು ತೊಳೆದು, ಟ್ಯೂಬು ಬದಲಿಸಿ, ಮಾತ್ರೆ ಕೊಟ್ಟು ಮುಂದಿನ ಮನೆಗೆ ನಡೆಯುತ್ತಾರೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಸಾಂತ್ವನ ಚಿಕಿತ್ಸೆಯ ಚಳವಳಿಯನ್ನು ಮಲಪ್ಪುರಂ ಜಿಲ್ಲೆಯವರು ನೆರೆಕರೆಯ ಕೆಲಸವನ್ನಾಗಿ ಮಾಡಿದರು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ನೀತಿಯನ್ನೇ ರೂಪಿಸಿ ಪಂಚಾಯತುಗಳಿಗೆ ಹೊಣೆ ಕೊಟ್ಟಿತು.

ಚಿಕ್ಕಮೇಳ ಚಾವಡಿಯಲ್ಲಿ ಕುಣಿದು ಹೋಗುತ್ತದೆ, ನರ್ಸ್ ಒಳಕೋಣೆಗೆ ಬಂದು ಹೋಗುತ್ತಾರೆ. ಇಬ್ಬರಿಗೂ ಪರಸ್ಪರ ಗುರುತಿಲ್ಲ. ಈ ಎರಡು ದಾರಿಗಳನ್ನು ಒಂದು ಮಾಡಬೇಕು. ಆದರೆ ಅದಕ್ಕೆ ಮೊದಲು ಕಲಾವಿದನಿಗೆ ತರಬೇತಿ ಕೊಡಬೇಕು.

ಬೇರೆಲ್ಲಿಗಿಂತ ಕಾಸರಗೋಡಿಗೆ ಇದರ ಅಗತ್ಯ ಹೆಚ್ಚು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ ಮೊದಲಾದ ಕಡೆಗಳ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸಂತ್ರಸ್ತರೆಂದು ಸರಕಾರದ ಪಟ್ಟಿಯಲ್ಲಿ ಸೇರಿದವರೇ ಆರು ಸಾವಿರಕ್ಕೂ ಹೆಚ್ಚು. ತಲಾ 5 ಲಕ್ಷ ರೂ. ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಆದೇಶಿಸಿತು. ಹಣದ ಹೋರಾಟ ಒಂದು ಕಡೆ. ಅಂದು ಮಕ್ಕಳಾಗಿದ್ದವರು ಇಂದು ಬೆಳೆದ ಗಂಡು-ಹೆಣ್ಣುಗಳು. ಅವರನ್ನು ಎತ್ತಿ ಆಡಿಸಿದ ತಾಯಂದಿರಿಗೆ ವಯಸ್ಸಾಗಿದೆ. ಬಡ್ಸ್ ಶಾಲೆಗೆ ಹೋಗಲಾಗದೆ ಮನೆಯೊಳಗೇ ಉಳಿದವರಿಗೆ ಬೆಳಗಿನಿಂದ ರಾತ್ರಿಯವರೆಗೆ ಹೊತ್ತು ಹೋಗುವುದು ಹೇಗೆ? ನೋಡಿಕೊಳ್ಳುವ ತಾಯಿಗೆ ಅರ್ಧ ಗಂಟೆಯ ಬಿಡುವು ಸಿಗುವುದು ಯಾವಾಗ? ಇದಕ್ಕೆ ಔಷಧದ ಚೀಟಿಯಲ್ಲಿ ಉತ್ತರವಿಲ್ಲ.

ಹಾಡು, ಕುಣಿತ, ಬೊಂಬೆ, ಬಣ್ಣ ಇವೆಲ್ಲ ರೋಗ ಗುಣಪಡಿಸುತ್ತವೆ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಕಾಯಿಲೆ ಬಾರದಂತೆ ಕಾಪಾಡುವುದರಲ್ಲಿಯೂ ಬಂದ ಕಾಯಿಲೆಯೊಂದಿಗೆ ಬದುಕುವುದರಲ್ಲಿಯೂ ಕಲೆಗೆ ಪಾತ್ರ ಉಂಟು ಎಂದು ಅದರ ವರದಿ ಹೇಳಿತು. ಔಷಧದ ಬದಲಿಗೆ ಅಲ್ಲ, ಔಷಧದ ಜತೆಗೆ.

ಗಡಿನಾಡಿನಲ್ಲಿ ಭಾಷೆಯ ಪ್ರಶ್ನೆಯೂ ಉಂಟು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಹಳ್ಳಿಮನೆಗಳಲ್ಲಿ ಅಜ್ಜ-ಅಜ್ಜಿಯರ ಮಾತು ತುಳು, ಕನ್ನಡ, ಹವ್ಯಕ, ಮರಾಠಿ. ಬರುವ ಸಿಬ್ಬಂದಿಗೆ ಹಲವು ಬಾರಿ ಮಲಯಾಳ ಮಾತ್ರ ಗೊತ್ತು. ನೋವು ಎಲ್ಲಿ ಅಂತ ಬೆರಳು ತೋರಿಸಬಹುದು, ಬೇಸರ ಎಲ್ಲಿ ಅಂತ ತೋರಿಸಲು ಆಗುತ್ತದೆಯೇ? ಮರೆಗುಳಿ ರೋಗ ಬಂದವರು ಆಮೇಲೆ ಕಲಿತ ಭಾಷೆಯನ್ನು ಬಿಟ್ಟು ಹುಟ್ಟುಮಾತಿಗೆ ಮರಳುವುದುಂಟು. ಮಗನ ಹೆಸರು ಮರೆತರೂ ಎಳವೆಯಲ್ಲಿ ಕೇಳಿದ ಪದ್ಯ ನೆನಪಿರುವುದುಂಟು. ಆ ಪದ್ಯ ಗೊತ್ತಿರುವುದು ಊರಿನ ಭಾಗವತನಿಗೆ, ಜಿಲ್ಲಾ ಕೇಂದ್ರದ ಅಧಿಕಾರಿಗಲ್ಲ.

ಹಾಗಂತ ನಾಳೆಯೇ ಬಣ್ಣ ಹಚ್ಚಿ ಹೊರಡಿ ಅಂದರೆ ಎಡವಟ್ಟಾಗುತ್ತದೆ. ತೆಂಕುತಿಟ್ಟಿನ ಚೆಂಡೆಯ ಪೆಟ್ಟು ಬಯಲಿಗೆ ಚೆಂದ. ಸದ್ದು ಸಹಿಸಲಾಗದ ಮಗುವಿನ ಕೋಣೆಯಲ್ಲಿ ಅದೇ ಹಿಂಸೆ. ಬಣ್ಣದ ವೇಷದ ಅಬ್ಬರಕ್ಕೆ ಬಡ್ಸ್ ಶಾಲೆಯ ಮಗು ಹೆದರಿ ದಿನವಿಡೀ ಅಳಬಹುದು. ಕಲಾವಿದನಿಗೇ ಶೀತ-ಜ್ವರ ಇದ್ದರೆ ರೋಗಿಗೆ ಅಪಾಯ. ಮಲಗಿದವರ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದು ಊರಿಗೆಲ್ಲ ಹಂಚುವುದು ಸೇವೆಯಲ್ಲ. ಎಂಡೋಸಲ್ಫಾನ್ ಮಕ್ಕಳ ಫೋಟೊಗಳು ಲೋಕವೆಲ್ಲ ಸುತ್ತಿ ಬಂದಿವೆ. ಇನ್ನೂ ಬೇಕೇ? ಮೂರು ವಾರ ಬಂದು ನಾಲ್ಕನೆಯ ವಾರ ಹೇಳದೆ ಕೇಳದೆ ನಿಲ್ಲಿಸಿದರೆ ಬಾಗಿಲು ನೋಡುತ್ತಾ ಕುಳಿತ ಮಗುವಿಗೆ ಏನು ಹೇಳುವುದು? ಒಳ್ಳೆಯ ಮನಸ್ಸು ಇದ್ದ ಮಾತ್ರಕ್ಕೆ ಇವೆಲ್ಲ ತಿಳಿಯುವುದಿಲ್ಲ. ಸಾಂತ್ವನ ಚಿಕಿತ್ಸೆಯಲ್ಲಿ ಸ್ವಯಂಸೇವಕರಿಗೂ ತರಬೇತಿ ಕೊಟ್ಟೇ ಮನೆಗೆ ಕಳಿಸುವ ಪದ್ಧತಿ ಉಂಟು. ಕಲಾವಿದನಿಗೆ ಮಾತ್ರ ಯಾಕೆ ಬೇಡ? ನ್ಯೂಯಾರ್ಕಿನ ಬಿಗ್ ಆ್ಯಪಲ್ ಸರ್ಕಸ್‌ನ ವಿದೂಷಕರು 1986ರಲ್ಲಿ ಮಕ್ಕಳ ಆಸ್ಪತ್ರೆಯ ಕೆಲಸಕ್ಕೆ ಇಳಿದಾಗ ಅವರಿಗೂ ಆಸ್ಪತ್ರೆಯ ಶಿಸ್ತನ್ನು ಬೇರೆಯಾಗಿಯೇ ಕಲಿಯಬೇಕಾಯಿತು. ಯಕ್ಷಗಾನದ ಹಾಸ್ಯಗಾರನಿಗೂ ಅದೇ ನಿಯಮ.

ತರಬೇತಿ ಎಂದರೆ ದೊಡ್ಡ ಡಿಗ್ರಿ ಬೇಕಾಗಿಲ್ಲ. ಮಳೆಗಾಲದ ಆರು ವಾರ ಸಾಕು. ಅರ್ಧ ದಿನ ಪಾಠ, ಅರ್ಧ ದಿನ ನರ್ಸ್ ಜತೆ ಮನೆಭೇಟಿ. ಕೈ ತೊಳೆಯುವುದರಿಂದ ಶುರುವಾಗಲಿ. ಕೇಳಿ ಒಳಗೆ ಹೋಗುವುದು, ಬೇಡ ಅಂದರೆ ಮುನಿಸಿಲ್ಲದೆ ಹಿಂದೆ ಬರುವುದು, ಮನೆಯ ಗುಟ್ಟು ಹೊರಗೆ ಆಡದಿರುವುದು, ಅಪಸ್ಮಾರ ಬಂದರೆ ಏನು ಮಾಡಬೇಕು ಮತ್ತು ಏನು ಮಾಡಬಾರದು, ಸಾಯುವ ಮಾತು ಆಡುವವರ ವಿಷಯವನ್ನು ತಡಮಾಡದೆ ಯಾರಿಗೆ ತಿಳಿಸಬೇಕು, ಇಷ್ಟೂ ಬರಬೇಕು. ಹಾಡಿಗಿಂತ ಹೆಚ್ಚಾಗಿ ಕೇಳಿಸಿಕೊಳ್ಳುವುದನ್ನು ಕಲಿಯಬೇಕು. ಕಲಾವಿದನ ಮನಸ್ಸೂ ಕಲ್ಲಲ್ಲ. ಇಪ್ಪತ್ತೆರಡರ ಹುಡುಗ ವಾರವಿಡೀ ಸಾವು-ನೋವು ನೋಡಿ ಬಂದರೆ ಅವನ ಮಾತು ಕೇಳಲೂ ಒಬ್ಬರು ಹಿರಿಯರು ಬೇಕು.

ಆರಾಧನಾ ಕಲೆಯನ್ನು ರೋಗಿಯ ಹಾಸಿಗೆ ಪಕ್ಕಕ್ಕೆ ತರುವುದು ಸರಿಯೇ ಅಂತ ಕೇಳುವವರಿದ್ದಾರೆ. ವೇಷವನ್ನೇ ತರಬೇಕೆಂದಿಲ್ಲ. ತಾಳಮದ್ದಳೆಗೆ ವೇಷ ಬೇಕೇ? ಚೆಂಡೆ ಬಿಟ್ಟು ಮೆಲ್ಲನೆ ಒಂದು ಪದ್ಯ ಹೇಳಿದರೆ, ಒಂದು ಕಾಲದಲ್ಲಿ ಕೂಟಗಳಿಗೆ ಹೋಗುತ್ತಿದ್ದ ಅಜ್ಜ ಮಲಗಿದಲ್ಲಿಂದಲೇ ಅರ್ಥ ಹೇಳಬಹುದು. ಆ ಹತ್ತು ನಿಮಿಷ ಅವರು ರೋಗಿಯಲ್ಲ, ಅರ್ಥಧಾರಿ. ಮಕ್ಕಳಿಗೆ ಬೊಂಬೆ ಕೈಗೆ ಕೊಡಬಹುದು. ಕಾಸರಗೋಡಿನ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ದೇಶ-ವಿದೇಶಗಳಲ್ಲಿ ಹೆಸರು ಮಾಡಿದೆ. ಆ ವಿದ್ಯೆ ಊರಲ್ಲೇ ಉಂಟು, ಕಲಿಯುವವರು ಬೇಕು ಅಷ್ಟೆ.

ಇನ್ನು ದುಡ್ಡಿನ ಮಾತು. ಪುಕ್ಕಟೆ ಸೇವೆ ಎಂದು ಎಳೆಯರನ್ನು ಕರೆದರೆ ಎರಡು ತಿಂಗಳು ಬಂದಾರು, ಆಮೇಲೆ ಹೊಟ್ಟೆಪಾಡಿಗೆ ಹೋಗಲೇಬೇಕು. ಕೇರಳದ ಸಂಸ್ಕೃತಿ ಇಲಾಖೆ ರಾಜ್ಯ ರಚನೆಯ ವಜ್ರಮಹೋತ್ಸವದ ಹೆಸರಿನಲ್ಲಿ ಯುವ ಕಲಾವಿದರಿಗೆ ಫೆಲೋಶಿಪ್ ಕೊಟ್ಟು, ಸ್ಥಳೀಯ ಸಂಸ್ಥೆಗಳ ಮೂಲಕ ಜನರಿಗೆ ಕಲೆ ಕಲಿಸುವ ಯೋಜನೆ ತಂದಿತ್ತು. ತಿಂಗಳ ಹಣ ಕೊಟ್ಟು ಕಲಾವಿದನನ್ನು ಪಂಚಾಯತಿಗೆ ಕಳಿಸಬಹುದು ಎಂಬುದಕ್ಕೆ ಅದು ಸಾಕ್ಷಿ. ಅದೇ ಮಾದರಿಗೆ ಆರೋಗ್ಯದ ತರಬೇತಿ ಸೇರಲಿ, ಕನ್ನಡ-ತುಳು ಬಲ್ಲವರಿಗೆ ಉತ್ತರದ ಪಂಚಾಯತುಗಳಲ್ಲಿ ಜಾಗ ಇರಲಿ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಯಕ್ಷಗಾನ ಅಕಾಡೆಮಿಯೂ ಕೈಜೋಡಿಸಲಿ. ಗಡಿನಾಡ ಉತ್ಸವ ಎಂದರೆ ಶಾಲು, ಹಾರ, ಸ್ಮರಣಿಕೆ ಎಂದಾಗಿ ಹೋಗಿದೆ. ಒಂದು ಉತ್ಸವದ ಪೆಂಡಾಲಿನ ಖರ್ಚಿನಲ್ಲಿ ನಾಲ್ಕು ಎಳೆಯರ ಮಳೆಗಾಲ ಸಾಗೀತು.

ಕೇಳಬೇಕಾದ ಜಾಗ ಗ್ರಾಮಸಭೆ. ರಸ್ತೆ, ನೀರು, ಬೀದಿದೀಪದ ಜತೆಗೆ ಇದನ್ನೂ ಬರೆಸಬೇಕು: ಪಾಲಿಯೇಟಿವ್ ತಂಡದ ಜತೆ ಹೋಗಲು ಊರಿನ ಭಾಷೆ ಬಲ್ಲ, ತರಬೇತಿ ಪಡೆದ ಇಬ್ಬರು ಕಲಾವಿದರು ಬೇಕು, ಸಂಬಳ ಸಹಿತ. ಮುಂದಿನ ಪತ್ತನಾಜೆಯೊಳಗೆ ಒಂದೇ ಒಂದು ಪಂಚಾಯತು ಇದಕ್ಕೆ ಒಪ್ಪಿದರೂ ಸಾಕು, ಉಳಿದವುಗಳಿಗೆ ತೋರಿಸಲು ಒಂದು ಉದಾಹರಣೆ ಸಿಗುತ್ತದೆ.