ಅರಿಶಿನ ಗಾಯಕ್ಕೆ, ಲಸಿಕೆ ವೈರಸ್ಸಿಗೆ

ಹಸುವಿನ ಮೈಮೇಲೆ ಗಂಟು ಕಾಣಿಸಿಕೊಂಡರೆ ಮಂಡಿಕಲ್ ಸುತ್ತಿನ ಹಳ್ಳಿಗಳಲ್ಲಿ ಮನೆಮಂದಿಗೆಲ್ಲ ಚಿಂತೆ. ಡೇರಿಗೆ ಹಾಕುವ ಹಾಲು ನಿಂತರೆ ಮಕ್ಕಳ ಓದಿನ ಖರ್ಚಿಗೂ ತೊಡಕು. ಆಗ ಮೊದಲು ನೆನಪಾಗುವುದು ಹಿತ್ತಲಿನ ಬೇವು, ಅಡುಗೆಮನೆಯ ಅರಿಶಿನ. ಇವು ನಿಜಕ್ಕೂ ವೈರಸ್ಸನ್ನು ಕೊಲ್ಲಬಲ್ಲವೇ?

ಚರ್ಮಗಂಟು ರೋಗ ಮೊದಲು ಪತ್ತೆಯಾದದ್ದು 1929ರಲ್ಲಿ, ಆಫ್ರಿಕಾದ ಜಾಂಬಿಯಾದಲ್ಲಿ. 2019ರಲ್ಲಿ ಒಡಿಶಾಕ್ಕೆ ಕಾಲಿಟ್ಟ ಇದು 2022ರಲ್ಲಿ ಕರ್ನಾಟಕದ ಹಲವು ಜಿಲ್ಲೆಗಳನ್ನು ಕಾಡಿತು. ಸೊಳ್ಳೆ, ನೊಣಗಳು ಇದನ್ನು ಹರಡುತ್ತವೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಇದಕ್ಕೆ ಮನೆಮದ್ದುಗಳನ್ನೂ ಸೂಚಿಸಿದೆ. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಅರೆದು ತಿನ್ನಿಸುವುದು ಒಂದು. ಬೇವು, ತುಳಸಿ, ಕುಪ್ಪಿಗಿಡದ ಸೊಪ್ಪು, ಬೆಳ್ಳುಳ್ಳಿ, ಅರಿಶಿನಗಳನ್ನು ಎಣ್ಣೆಯಲ್ಲಿ ಕಾಯಿಸಿ, ಆರಿಸಿ ಗಾಯಕ್ಕೆ ಹಚ್ಚುವುದು ಇನ್ನೊಂದು.

ವೈರಸ್ ತಾನೇ ತಾನಾಗಿ ಬೆಳೆಯಲಾರದು. ಹಸುವಿನ ಜೀವಕೋಶದೊಳಗೆ ಹೊಕ್ಕು, ಅಲ್ಲಿನ ಸಾಮಗ್ರಿಯಿಂದಲೇ ತನ್ನ ಸಂತತಿ ಹೆಚ್ಚಿಸಿಕೊಳ್ಳುತ್ತದೆ. ಕೋಶಕ್ಕೆ ಪೆಟ್ಟಾಗದಂತೆ ಅದನ್ನು ತಡೆಯುವುದೇ ಕಷ್ಟ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್, ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಕೆಲವು ವೈರಸ್ಸುಗಳನ್ನು ತಡೆದಿದೆ. ಆದರೆ ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಮೇಲಾಗಿ ಹಸು ನುಂಗಿದ್ದು ಮೊದಲು ಹೋಗುವುದು ಮೆಲುಕು ಹೊಟ್ಟೆಗೆ. ಅಲ್ಲಿನ ಸೂಕ್ಷ್ಮಜೀವಿಗಳು ಅನೇಕ ಸಸ್ಯರಾಸಾಯನಿಕಗಳನ್ನು ಒಡೆದುಹಾಕುತ್ತವೆ. ಪ್ರಯೋಗಾಲಯದಲ್ಲಿ ಗೆದ್ದದ್ದು ಹಸುವಿನ ಹೊಟ್ಟೆಯಲ್ಲೂ ಗೆಲ್ಲಬೇಕೆಂದಿಲ್ಲ.

'ಮದ್ದು ತಿಂದ ಹಸು ವಾಸಿಯಾಯಿತಲ್ಲ!' ಎಂದು ಹಿರಿಯರು ಕೇಳಬಹುದು. ಈ ರೋಗ ಬಂದ ಹಸುಗಳಲ್ಲಿ ಹೆಚ್ಚಿನವು ಒಳ್ಳೆಯ ಆರೈಕೆಯಿದ್ದರೆ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಮದ್ದು ಕೊಟ್ಟ ಹಸುಗಳನ್ನು ಕೊಡದವುಗಳೊಂದಿಗೆ ಹೋಲಿಸಿ ನೋಡದೆ, ವಾಸಿ ಮಾಡಿದ್ದು ಮದ್ದೇ ಎನ್ನಲಾಗದು. ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದ ಅಂಶವಿದು.

ಹಾಗೆಂದು ಬೇವು, ಅರಿಶಿನ ವ್ಯರ್ಥವಲ್ಲ. ಹಚ್ಚಿದ ಎಣ್ಣೆ ಗಾಯವನ್ನು ನೇರವಾಗಿ ಮುಟ್ಟುತ್ತದೆ. ಕೀವಾಗದಂತೆ, ನೊಣ ಕೂತು ಹುಳ ಬೀಳದಂತೆ ನೋಡಿಕೊಳ್ಳಲು ನೆರವಾಗುತ್ತದೆ. ಗಾಯ ಮಾಯುವುದೂ ಹಸುವಿಗೆ ದೊಡ್ಡ ಉಪಕಾರವೇ.

ವೈರಸ್ಸಿನ ವಿರುದ್ಧ ನಂಬಬಹುದಾದ ಆಯುಧವೆಂದರೆ ಮುಂಚಿತವಾಗಿ ಹಾಕಿಸುವ ಲಸಿಕೆ. ಚರ್ಮಗಂಟಿನ ವೈರಸ್ ಮೇಕೆ ಸಿಡುಬಿನ ವೈರಸ್ಸಿಗೆ ಹತ್ತಿರದ ಸಂಬಂಧಿ. ಆದ್ದರಿಂದಲೇ ಮೇಕೆ ಸಿಡುಬಿನ ಲಸಿಕೆಯನ್ನು ದನಗಳಿಗೂ ಹಾಕಲಾಯಿತು. ಒಂದು ಕಾಲಕ್ಕೆ ಕೊಟ್ಟಿಗೆಗಳನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗ ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಘೋಷಿಸಲಾಯಿತು. ಅದು ಸಾಧ್ಯವಾದದ್ದೂ ಮುಖ್ಯವಾಗಿ ಲಸಿಕೆಯಿಂದ.

ಗಂಟು, ಜ್ವರ ಕಂಡೊಡನೆ ಹಸುವನ್ನು ಬೇರೆ ಕಡೆ ಕಟ್ಟಿ, ಪಶುವೈದ್ಯರಿಗೆ ತಿಳಿಸಬೇಕು. ಊರಿಗೆ ಲಸಿಕೆ ಬಂದ ದಿನ ಒಂದು ಹಸುವೂ ತಪ್ಪಿಹೋಗದಂತೆ ನೋಡಿಕೊಳ್ಳುವ ಕೆಲಸವನ್ನು ಮನೆಯ ಮಕ್ಕಳೇ ವಹಿಸಿಕೊಳ್ಳಬಹುದು.