ದೂರದ ವೈದ್ಯನಿಗೆ ಕಾಣದ ಹುಳ

ಸೌತ್‌ಲೇಕ್‌ನ ನಮ್ಮ ಹಿತ್ತಲಿನಲ್ಲಿ ಓಕ್ ಮರದ ತರಗೆಲೆ ಸರಿಸಿದರೆ, ಗಿಡ್ಡ ರೆಕ್ಕೆಯ ಸಣ್ಣ ಹುಳವೊಂದು ಚೇಳಿನಂತೆ ಹಿಂಭಾಗವನ್ನೆತ್ತಿ ಓಡುತ್ತದೆ. ಇದು ರೋವ್ ಬೀಟಲ್. ಉತ್ತರ ಅಮೆರಿಕದಲ್ಲಿ ಈ ಕುಟುಂಬದ 4,000ಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ನಿರುಪದ್ರವಿಗಳು, ಆದ್ದರಿಂದಲೇ ಅಪರಿಚಿತ.

ಇದೇ ಕುಟುಂಬದ ಪೆಡೆರಸ್ ಮಾತ್ರ ನಮ್ಮ ಊರುಗಳಲ್ಲಿ ಮಳೆಗಾಲದ ರಾತ್ರಿ ಗದ್ದೆಯಿಂದ ದೀಪದ ಬೆಳಕಿಗೆ ಬರುತ್ತದೆ. ಕಿತ್ತಳೆ-ಕಪ್ಪು ಬಣ್ಣದ ಈ ಹುಳ ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಹೊಸಕಿದಾಗ ಅದರ ದೇಹದಲ್ಲಿರುವ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಗಲಿ, ಒಂದೆರಡು ದಿನಗಳಲ್ಲಿ ಗೆರೆ ಎಳೆದಂತೆ ಉರಿಗುಳ್ಳೆಗಳು ಏಳುತ್ತವೆ.

ಅಂಥ ಗುಳ್ಳೆಗಳ ಚಿತ್ರವನ್ನು ಕಳೆದ ಮಳೆಗಾಲದಲ್ಲಿ ದಾವಣಗೆರೆಯಿಂದ ಅತ್ತಿಗೆ ಕಳುಹಿಸಿದ್ದರು. ಸರ್ಪಸುತ್ತು ಎಂದು ನಾನು ಫೋನಿನಲ್ಲೇ ತೀರ್ಪಿತ್ತೆ. ಅಲ್ಲಿನ ವೈದ್ಯರು, "ರಾತ್ರಿ ದೀಪದ ಕೆಳಗೆ ಕುಳಿತಿದ್ದಿರಾ?" ಎಂಬ ಒಂದೇ ಪ್ರಶ್ನೆಯಿಂದ ನಿಜವನ್ನು ಕಂಡುಕೊಂಡರು. ಎಂ.ಡಿ. ಮಾಡಿದ ನನಗೆ ಊರಿನ ಮಳೆಗಾಲವೇ ನೆನಪಾಗಿರಲಿಲ್ಲ.

ಆದ್ದರಿಂದ ಊರಿನ ಹಿರಿಯರಲ್ಲಿ ನನ್ನ ವಿನಂತಿ: ವಿದೇಶದ ಮಗನಿಗೆ ಚಿತ್ರ ಕಳುಹಿಸುವ ಮೊದಲು ಹತ್ತಿರದ ವೈದ್ಯರಿಗೆ ತೋರಿಸಿ. ಹುಳ ಮೈಮೇಲೆ ಕುಳಿತರೆ ಹೊಡೆಯದೆ ಊದಿಬಿಡಿ. ಹೊಸಕಿದ್ದರೆ ಕೂಡಲೇ ಸೋಪು ಹಚ್ಚಿ ತೊಳೆಯಿರಿ, ಆ ಕೈಯಿಂದ ಕಣ್ಣು ಮುಟ್ಟಬೇಡಿ. ಇಲ್ಲಿಗೆ ಹೊರಟಿರುವ ಯುವ ವೈದ್ಯರು ಊರಿನಿಂದ ಕರೆ ಬಂದಾಗ ಉತ್ತರಿಸುವ ಮುನ್ನ ಪ್ರಶ್ನೆ ಕೇಳುವುದನ್ನು ಮರೆಯದಿರಲಿ.