ಅರ್ಧಕ್ಕೆ ನಿಂತ ಚೆಕ್‌ಲಿಸ್ಟ್: ಮತ್ತೆ ಮೊದಲಿನಿಂದಲೇ ಓದಬೇಕೆ?

ಕಾಕ್‌ಪಿಟ್‌ನಲ್ಲಿ ಚೆಕ್‌ಲಿಸ್ಟ್ ಓದುತ್ತಿರುವಾಗ ಅಡ್ಡಿ ಬಂತು. ನಿಂತಲ್ಲಿಂದ ಮುಂದುವರಿಯುವುದೋ, ಮೊದಲ ಸಾಲಿಗೇ ಮರಳುವುದೋ? ಮರಳುವುದು ಕಡ್ಡಾಯವಾಗಲಿ ಎಂಬುದು ಇಲ್ಲಿ ಚರ್ಚೆಗಿಟ್ಟ ವಾದ.

ಪರ

2008ರ ಆಗಸ್ಟ್ 20, ಮ್ಯಾಡ್ರಿಡ್. ಸ್ಪ್ಯಾನೇರ್‌ನ ಎಂಡಿ-82 ವಿಮಾನ ಹೊರಡುವ ಮುನ್ನ ತಾಪಮಾನ ಅಳೆಯುವ ಸಾಧನದ ತೊಂದರೆಯಿಂದ ನಿಲುಗಡೆಯ ಜಾಗಕ್ಕೆ ಮರಳಿತ್ತು. ತಡವಾಗಿತ್ತು, ಆತುರವಿತ್ತು. ಎರಡನೇ ಸಲ ಪಟ್ಟಿ ಓದುತ್ತ ಫ್ಲ್ಯಾಪ್‌ಗಳ ಸಾಲಿಗೆ ಬರುವ ಹೊತ್ತಿಗೆ, ಟ್ಯಾಕ್ಸಿಗೆ, ಅಂದರೆ ರನ್‌ವೇಯತ್ತ ಉರುಳಲು, ಅನುಮತಿ ಕೇಳಿ ಎಂದು ಕ್ಯಾಪ್ಟನ್ ಸಹಪೈಲಟ್‌ಗೆ ಹೇಳಿದರು. ಆ ಸಾಲು ಅಲ್ಲಿಗೇ ಉಳಿಯಿತು. ಮೇಲೇಳಲು ನೆರವಾಗುವ ರೆಕ್ಕೆಯ ಫ್ಲ್ಯಾಪ್ ಚಾಚದೆ ಹೊರಟ ವಿಮಾನ ಬಿದ್ದು 154 ಮಂದಿ ಸತ್ತರು.

ದಿನವೂ ಮಾಡುವ ಕೆಲಸದಲ್ಲಿ ಇವತ್ತಿನ ನೆನಪು ಯಾವುದು, ನಿನ್ನೆಯದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ‘ಫ್ಲ್ಯಾಪ್ ಆಯಿತಲ್ಲ’ ಎಂಬ ಭರವಸೆ ನಿನ್ನೆಯ ಹಾರಾಟದ್ದಿರಬಹುದು. ಜಪದ ಎಣಿಕೆ ತಪ್ಪಿದವರು ಮೇರುಮಣಿಗೇ ಮರಳುತ್ತಾರೆ. ಎಲ್ಲಿದ್ದೆ ಎಂದು ಊಹಿಸುತ್ತ ಕೂರುವುದಿಲ್ಲ. ಪೈಲಟ್ ಕೂಡ ಊಹಿಸಬಾರದು. ಹಾಗೆ ಮರಳಲು ಹಿಡಿಯುವ ಹೊತ್ತಾದರೂ ಎಷ್ಟು?

ವಿರೋಧ

ಮ್ಯಾಡ್ರಿಡ್‌ನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ರನ್‌ವೇಗೆ ಬರುವ ಹೊತ್ತಿನ ಕೊನೆಯ ತಪಾಸಣೆಯಲ್ಲಿ ಸಹಪೈಲಟ್ ಫ್ಲ್ಯಾಪ್‌ನ ಅಂಕಿ ಹನ್ನೊಂದು ಎಂದು ಬಾಯಿಬಿಟ್ಟು ಹೇಳಿದ್ದಾರೆ. ಫ್ಲ್ಯಾಪ್ ಮಾತ್ರ ಮಡಚಿಕೊಂಡೇ ಇತ್ತು. ಎರಡನೇ ಅವಕಾಶ ಸಿಕ್ಕಿತ್ತು ಎಂದಾಯಿತು. ಬಾಯಿ ಹೇಳಿದ್ದನ್ನು ಕಣ್ಣು ನೋಡಲಿಲ್ಲ. 1988ರಲ್ಲಿ ಡಲ್ಲಾಸ್-ಫೋರ್ಟ್‌ವರ್ತ್‌ನಲ್ಲಿ ಡೆಲ್ಟಾದ 727 ಬಿದ್ದು 14 ಮಂದಿ ಸತ್ತಾಗಲೂ ಇದೇ ಆಯಿತು. ಹೊರಡುವ ಮುನ್ನ ಕಾಕ್‌ಪಿಟ್‌ನಲ್ಲಿ ಗಗನಸಖಿಯೊಂದಿಗೆ ಹರಟೆ ನಡೆದಿತ್ತು. ಆಮೇಲೆ ಪಟ್ಟಿ ಓದಿದರು, ಫ್ಲ್ಯಾಪ್‌ಗೆ ಸರಿಯಾದ ಉತ್ತರವೂ ಬಂತು. ಉತ್ತರ ಬಾಯಿಪಾಠದ್ದು. ಪದೇಪದೇ ಮೊದಲಿನಿಂದ ಓದಿಸಿದರೆ ಬಾಯಿಪಾಠ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೆ.

1987ರ ಡೆಟ್ರಾಯಿಟ್ ಇನ್ನೂ ಕಠಿಣ ಉದಾಹರಣೆ. ನಾರ್ತ್‌ವೆಸ್ಟ್ ವಿಮಾನ ಹೊರಡುವಾಗ ರನ್‌ವೇ ಬದಲಾಯಿತು, ತಿರುಗಬೇಕಾದ ಟ್ಯಾಕ್ಸಿವೇ ತಪ್ಪಿತು. ಈ ಗಡಿಬಿಡಿಯಲ್ಲಿ ಟ್ಯಾಕ್ಸಿ ಚೆಕ್‌ಲಿಸ್ಟ್ ಓದಲೇ ಇಲ್ಲ. ಮರಳಿ ಓದಿ ಎನ್ನಲು ಒಮ್ಮೆಯಾದರೂ ಶುರುವಾಗಿರಬೇಕಲ್ಲ! ಸತ್ತವರು 156 ಮಂದಿ. ಅದೂ ಎಂಡಿ-82; ಡೆಟ್ರಾಯಿಟ್‌ನಲ್ಲೂ ಮ್ಯಾಡ್ರಿಡ್‌ನಲ್ಲೂ ಫ್ಲ್ಯಾಪ್ ಚಾಚಿಲ್ಲ ಎಂಬ ಎಚ್ಚರಿಕೆಯ ಸದ್ದು ಮೊಳಗಲಿಲ್ಲ.

ಹತ್ತು ಸಾವಿರ ಅಡಿಯ ಕೆಳಗೆ ಅನಗತ್ಯ ಮಾತು ಬೇಡ ಎಂದು ಅಮೆರಿಕ 1981ರಲ್ಲೇ ನಿಯಮ ಮಾಡಿದೆ. ಡಲ್ಲಾಸ್‌ನ ಹರಟೆ ತಡೆಯಲು ಅದನ್ನು ಪಾಲಿಸಿದ್ದರೆ ಸಾಕಿತ್ತು. ಉಳಿದೆರಡರಲ್ಲಿ ಅಡ್ಡ ಬಂದದ್ದು ಹರಟೆಯಲ್ಲ, ಕೆಲಸವೇ. ಹಾಗಾಗಿ ಮಾಡಬೇಕಾದ್ದು ಕೆಲಸದ ಸರದಿ ಬದಲಿಸುವುದು: ವಿಮಾನ ನಿಂತಿರುವಾಗಲೇ ಫ್ಲ್ಯಾಪ್ ಚಾಚಿ, ಮಾಪಕ ನೋಡಿ, ಆಮೇಲೆ ಟ್ಯಾಕ್ಸಿಗೆ ಅನುಮತಿ ಕೇಳಲಿ. ವಿಮಾನ ಉರುಳುತ್ತಿರುವಾಗ ಒಬ್ಬರು ಪಟ್ಟಿಗೆ ತಲೆಬಗ್ಗಿಸಿದರೆ ಹೊರಗೆ ನೋಡಲು ಒಬ್ಬರೇ ಉಳಿಯುತ್ತಾರೆ ಎಂಬುದನ್ನು ಪರ ವಾದಿಸುವವರು ಯೋಚಿಸಿದಂತಿಲ್ಲ.

ಎಲ್ಲಿ ನಿಂತೆವೆಂದು ಯಂತ್ರವೂ ನೆನಪಿಡಬಲ್ಲದು: ಬೋಯಿಂಗ್ 777ರ ಎಲೆಕ್ಟ್ರಾನಿಕ್ ಚೆಕ್‌ಲಿಸ್ಟ್‌ನಲ್ಲಿ, ವಿಮಾನವೇ ಗ್ರಹಿಸಬಲ್ಲ ಕೆಲಸ ಮುಗಿದರೆ ಆ ಸಾಲು ತಾನಾಗಿ ಹಸಿರಾಗುತ್ತದೆ; ಮುಗಿಯದ್ದು ಹಾಗೇ ಉಳಿದು ಕಣ್ಣಿಗೆ ಬೀಳುತ್ತದೆ. ಕಾಗದದ ಪಟ್ಟಿಯಿರುವ ಹಳೆಯ ವಿಮಾನಗಳಲ್ಲಿ ಮೊದಲಿನಿಂದ ಓದುವ ನಿಯಮ ಬೇಕಾದರೆ ಇರಲಿ, ನನ್ನ ತಕರಾರಿಲ್ಲ. ಆದರೆ ಅದನ್ನು ಬರೆದಿಟ್ಟು, ಕೆಲಸದ ಸರದಿಯನ್ನು ಹಿಂದಿನಂತೆಯೇ ಬಿಟ್ಟ ಸಂಸ್ಥೆ ಅಪಘಾತದ ಮರುದಿನ ಪೈಲಟ್‌ನತ್ತ ಬೆರಳು ತೋರಿಸಲು ದಾಖಲೆ ಸಿದ್ಧಮಾಡಿಕೊಂಡಿದೆ, ಅಷ್ಟೇ.